ನೀಲಮ್ಮ ಚಿಕ್ಕಮ್ಮನ ನೀರೊಲೆ

ಕಡೂರಿನಲ್ಲಿ ಹೊಸದಾಗಿ ಎದ್ದಿರುವ ಕಲ್ಯಾಣಮಂಟಪವೊಂದಕ್ಕೆ ಮೊನ್ನೆ ಮದುವೆಗೆಂದು ಹೋಗಿದ್ದೆವು. ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಹುಡುಗಿಯರ ಪಕ್ಕದಲ್ಲಿ ದೊಡ್ಡದೊಂದು ತಾಮ್ರದ ಹಂಡೆ ಇಟ್ಟಿದ್ದರು. ಫಳಫಳ ಹೊಳೆಯುತ್ತಿತ್ತು. ಒಳಗೆ ನೀರು, ನೀರಿನ ಮೇಲೆ ಪ್ಲಾಸ್ಟಿಕ್ ತಾವರೆ, ತಾವರೆಯ ನಡುವೆ ಬ್ಯಾಟರಿ ದೀಪ. ನನಗೆ ತಡೆಯಲಾಗಲಿಲ್ಲ. ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ಬಗ್ಗಿ ಅದರ ತಳ ನೋಡಿದೆ. ನಾನು ಓಲೆಯನ್ನೋ ಮೂಗುಬಟ್ಟನ್ನೋ ಕಳೆದುಕೊಂಡಿರಬೇಕೆಂದು ತಿಳಿದು ಇಬ್ಬರು ಹೆಂಗಸರು ನನ್ನ ಜೊತೆ ನೆಲ ಹುಡುಕತೊಡಗಿದರು. ನಮ್ಮ ಮನೆಯವರು ಮಾತ್ರ ನನಗೂ ಅವರಿಗೂ ಪರಿಚಯವೇ ಇಲ್ಲದ ಹಾಗೆ ಊಟದ ಹಾಲಿನ ಕಡೆ ನಡೆದುಬಿಟ್ಟರು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಅವರಿಗೆ ಆ ವಿದ್ಯೆ ಚೆನ್ನಾಗಿ ಕರಗತವಾಗಿದೆ.

ಹಂಡೆಯ ತಳದಲ್ಲಿ ಮಸಿ ಇರಲಿಲ್ಲ. ಅಂದರೆ ಅದು ಹುಟ್ಟಿದಾಗಿನಿಂದ ಒಲೆಯ ಮೇಲೆ ಕೂತಿಲ್ಲ, ಅದರ ನೀರಲ್ಲಿ ಯಾರೂ ಮೈ ತೊಳೆದಿಲ್ಲ. ಯಾಕೋ ನನಗೆ ಸಂಕಟವಾಯಿತು. ಊಟದಲ್ಲಿ ಎರಡನೇ ಸಲ ಹೋಳಿಗೆ ಬಡಿಸಲು ಬಂದಾಗ ಬೇಡವೆಂದೆ. ಅದರಿಂದಲೇ ನನ್ನ ಸಂಕಟ ಎಂಥದೆಂದು ನೀವು ಅಂದಾಜು ಮಾಡಿಕೊಳ್ಳಬಹುದು.

ನನ್ನ ತವರು ಸಿಂಗಟಗೆರೆ. ನಮ್ಮದು ತುಂಬಿದ ಮನೆ. ಅಜ್ಜಿ, ಅಪ್ಪ, ಚಿಕ್ಕಪ್ಪ, ಅವರವರ ಹೆಂಡತಿ ಮಕ್ಕಳು, ಬಂದವರು, ಹೋಗುವವರು, ಬಂದು ಹೋಗದೇ ಉಳಿದವರು. ಇಷ್ಟು ಜನರ ಮನೆಯನ್ನು ಇಬ್ಬರು ಹೆಂಗಸರು ಜಗಳವಿಲ್ಲದೆ ಪಾಲು ಮಾಡಿಕೊಂಡಿದ್ದರು. ಅಡುಗೆಮನೆ ನಮ್ಮವ್ವನದು, ಬಚ್ಚಲುಮನೆ ನೀಲಮ್ಮ ಚಿಕ್ಕಮ್ಮನದು. ಅವ್ವ ಬಚ್ಚಲೊಲೆಗೆ ಒಂದು ಕಡ್ಡಿ ತುರುಕಿದ್ದನ್ನು ನಾನು ಕಂಡಿಲ್ಲ. ಚಿಕ್ಕಮ್ಮ ಸಾರಿನ ಉಪ್ಪು ನೋಡಿದ್ದನ್ನೂ ಕಂಡಿಲ್ಲ. ಹೊಟ್ಟೆಯ ಒಳಗಿನದೆಲ್ಲ ಅವ್ವನ ಇಲಾಖೆ, ಚರ್ಮದ ಹೊರಗಿನದೆಲ್ಲ ಚಿಕ್ಕಮ್ಮನ ಇಲಾಖೆ ಎಂದು ಚಿಕ್ಕಪ್ಪ ನಗುತ್ತಿದ್ದರು.

ಬಚ್ಚಲುಮನೆಗೆ ಎರಡು ಮೆಟ್ಟಿಲು ಇಳಿದು ಹೋಗಬೇಕು. ಒಳಗೆ ನಡುಹಗಲಲ್ಲೂ ಮಬ್ಬು. ಸೂರಿನಲ್ಲಿ ಒಂದೇ ಒಂದು ಗಾಜಿನ ಹೆಂಚು, ಅದೂ ಹೊಗೆ ಕುಡಿದು ಕಂದು ಬಣ್ಣಕ್ಕೆ ತಿರುಗಿತ್ತು. ಮೂಲೆಯಲ್ಲಿ ಮಣ್ಣು ಮೆತ್ತಿ ಕಟ್ಟಿದ ನೀರೊಲೆ, ಅದರ ಮೇಲೆ ಕುತ್ತಿಗೆಯವರೆಗೂ ಹೂತು ಕೂತ ಹಂಡೆ, ಪಕ್ಕದಲ್ಲಿ ತಣ್ಣೀರಿನ ಕಲ್ಲುಬಾನಿ. ಒಲೆಯ ಬಾಯಿ ಒಳಗಡೆಗೇ ಇದ್ದದ್ದರಿಂದ ಸ್ನಾನಕ್ಕೆ ಕೂತವರ ಮೊಣಕಾಲಿಗೆ ಬೆಂಕಿಯ ಕಾವು, ಬೆನ್ನಿಗೆ ಬಾಗಿಲ ಸಂದಿಯ ಚಳಿಗಾಳಿ. ಧನುರ್ಮಾಸದ ಬೆಳಗ್ಗೆ ನಮ್ಮ ಬಯಲುಸೀಮೆಯ ಗಾಳಿ ಎಂಥದೆಂದು ಅಲ್ಲಿಯವರಿಗೆ ಹೇಳಬೇಕಿಲ್ಲ, ಬೇರೆಯವರಿಗೆ ಹೇಳಿದರೆ ನಂಬುವುದಿಲ್ಲ. ಮುಂದುಗಡೆ ಬೇಯುತ್ತ ಹಿಂದುಗಡೆ ನಡುಗುತ್ತ ನಾನು ಬೆಳೆದು ದೊಡ್ಡವಳಾದೆ.

ಸೌದೆ ಅಂದರೆ ನಿಮಗೆ ಮರದ ದಿಮ್ಮಿ ನೆನಪಾಗಬಹುದು. ನಮ್ಮಲ್ಲಿ ಮರ ಕಡಿದು ನೀರು ಕಾಯಿಸುವಷ್ಟು ಸಿರಿವಂತಿಕೆ ಇರಲಿಲ್ಲ. ಎಲ್ಲವೂ ತೆಂಗಿನದೇ. ಗರಿ, ಮಟ್ಟೆ, ಒಣಗಿದ ಹೊಂಬಾಳೆ, ಕಾಯಿ ಸುಲಿದ ಸಿಪ್ಪೆ, ಚಿಪ್ಪು. ಚಿಕ್ಕಮ್ಮ ಇವುಗಳ ಬಗ್ಗೆ ಮನುಷ್ಯರ ಬಗ್ಗೆ ಮಾತಾಡುವಂತೆ ಮಾತಾಡುತ್ತಿದ್ದಳು. ಗರಿಯನ್ನು ನಂಬುವ ಹಾಗಿಲ್ಲವಂತೆ, ಭಗ್ಗೆಂದು ಎದ್ದು ಕೈಬಿಟ್ಟು ಹೋಗುತ್ತದೆ. ಸಿಪ್ಪೆ ಸೋಮಾರಿಯಾದರೂ ನಿಯತ್ತಿನದು, ಉರಿಯದೇ ಹೋದರೂ ಗಂಟೆಗಟ್ಟಲೆ ಒಳಗೊಳಗೇ ಕನಲುತ್ತಾ ಕಾವು ಕೊಡುತ್ತದೆ. ಚಿಪ್ಪನ್ನು ಮಾತ್ರ ಅವಳು ಹಬ್ಬದ ದಿನಕ್ಕೆಂದು ಒಂದು ಹಳೇ ಗೋಣಿಚೀಲದಲ್ಲಿ ತುಂಬಿ ಇಡುತ್ತಿದ್ದಳು. ಚಿಪ್ಪಿನ ಉರಿಯಲ್ಲಿ ಕಾದ ನೀರಿಗೆ ಬೇರೆಯದೇ ಹದ ಎಂಬುದು ಅವಳ ವಾದ. ನೀರಿಗೆ ಯಾವ ಬೆಂಕಿಯಾದರೇನು ಎಂದು ಸ್ಕೂಲಿನಲ್ಲಿ ವಿಜ್ಞಾನ ಕಲಿತ ಗರ್ವದಿಂದ ನಾನು ವಾದಿಸುತ್ತಿದ್ದೆ. ಆದರೆ ಹಬ್ಬದ ಬೆಳಗ್ಗೆ ಆ ನೀರು ನೆತ್ತಿಯ ಮೇಲೆ ಬಿದ್ದೊಡನೆ ವಿಜ್ಞಾನವನ್ನು ಬಚ್ಚಲ ಮೋರಿಯಲ್ಲಿ ಬಿಟ್ಟುಬಿಡುತ್ತಿದ್ದೆ.

ಬಚ್ಚಲಿನ ಪಕ್ಕದಲ್ಲಿ ಕೊಬ್ಬರಿಯ ಅಟ್ಟ. ಒಣಗಲೆಂದು ಕಾಯಿಗಳನ್ನು ವರ್ಷಗಟ್ಟಲೆ ಅಲ್ಲಿ ಹರಡಿರುತ್ತಿದ್ದರು. ನೀರೊಲೆಯ ಹೊಗೆ, ಬಿಸಿ ಎಲ್ಲ ಗೋಡೆಯ ಸಂದಿನಿಂದ ಅತ್ತಲೇ ನುಗ್ಗುತ್ತಿತ್ತು. ಹಾಗಾಗಿ ನಾವು ಸ್ನಾನ ಮಾಡಿದರೆ ಕೊಬ್ಬರಿ ಒಣಗುತ್ತದೆ, ಮಾಡದಿದ್ದರೆ ಮುಗ್ಗಲು ಹಿಡಿಯುತ್ತದೆ ಎಂದು ಚಿಕ್ಕಮ್ಮ ನಮ್ಮನ್ನು ಹೆದರಿಸುತ್ತಿದ್ದಳು. ಮನೆಯ ವ್ಯಾಪಾರವೆಲ್ಲ ನನ್ನ ಸ್ನಾನದ ಮೇಲೆ ನಿಂತಿದೆ ಎಂದು ನಾನು ತುಂಬಾ ದಿನ ನಂಬಿಕೊಂಡಿದ್ದೆ. ಆ ವಯಸ್ಸಿನ ನಂಬಿಕೆಗಳಲ್ಲಿ ಅದೇನೂ ಕೆಟ್ಟದ್ದಲ್ಲ.

ಇಷ್ಟೆಲ್ಲ ಹೇಳಿದ್ದು ಒಂದೇ ಒಂದು ವಿಷಯಕ್ಕೆ ಬರುವುದಕ್ಕೆ. ಅದು ಬೆನ್ನಿನ ವಿಷಯ. ನಮ್ಮ ಮನೆಯಲ್ಲಿ ಯಾರೂ ತಮ್ಮ ಬೆನ್ನನ್ನು ತಾವೇ ಉಜ್ಜಿಕೊಳ್ಳುತ್ತಿರಲಿಲ್ಲ. ಸೀಗೆಪುಡಿ ಕಲಸಿದ ಬಟ್ಟಲು ಮುಂದಿಟ್ಟುಕೊಂಡು ಕೂತು, "ಆಯ್ತು" ಎಂದು ಒಂದು ಕೂಗು ಹಾಕಿದರೆ ಸಾಕು. ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಬರುತ್ತಿದ್ದಳು. ಸೌದೆ ಮುರಿದು ಮುರಿದು ಅವಳ ಅಂಗೈ ಒರಟು. ಆ ಒರಟು ಕೈ ಕುತ್ತಿಗೆಯ ಬುಡದಿಂದ ಹಿಡಿದು ಬೆನ್ನಹುರಿಯ ಉದ್ದಕ್ಕೂ ಒಂದು ಸಲ ಇಳಿದರೆ ಹಿಂದಿನ ದಿನದ ಬೈಗುಳ, ಪರೀಕ್ಷೆಯ ಭಯ, ಗೆಳತಿಯ ಮೇಲಿನ ಮುನಿಸು ಎಲ್ಲ ಕೊಳೆಯ ಜೊತೆ ಹೋಗಿಬಿಡುತ್ತಿತ್ತು. ಉಜ್ಜಿ ಮುಗಿದ ಮೇಲೆ ಎರಡು ಚೊಂಬು ನೀರು ಹುಯ್ದು, ಬೆನ್ನಿಗೊಂದು ಏಟು ಕೊಟ್ಟು ಏಳಿಸುತ್ತಿದ್ದಳು. ಆ ಏಟಿಗೂ ನಾನು ಕಾದಿರುತ್ತಿದ್ದೆ.

ಆಮೇಲೆ ನನಗೆ ಮೇಷ್ಟ್ರ ಕೆಲಸ ಸಿಕ್ಕಿತು. ತರೀಕೆರೆಯಲ್ಲಿ ಬಾಡಿಗೆ ಮನೆ. ಅಲ್ಲಿ ನಡುವೆ ಕೊಳವೆಯಿದ್ದ ತಾಮ್ರದ ಬಾಯ್ಲರು. ಮೇಲಿಂದ ಇದ್ದಿಲು ಹಾಕಿದರೆ ಕೆಳಗಿನ ನಲ್ಲಿಯಲ್ಲಿ ಬಿಸಿನೀರು. ಹಂಡೆಯ ಪೇಟೆಯ ನೆಂಟನಂತಿದ್ದ ಅದರೊಡನೆ ಹೇಗೋ ಹೊಂದಿಕೊಂಡೆ. ಅಜ್ಜಂಪುರಕ್ಕೆ ವರ್ಗವಾದ ಮೇಲೆ ಬಕೆಟ್ಟಿಗೆ ಇಳಿಬಿಡುವ ಕರೆಂಟಿನ ಕಾಯಿಲ್ ಬಂತು. ಅದರಿಂದ ಒಮ್ಮೆ ಶಾಕ್ ಹೊಡೆಸಿಕೊಂಡು ಬಚ್ಚಲಲ್ಲೇ ಕುಣಿದೆ. ಕೊನೆಗೆ ಕಡೂರಿನಲ್ಲಿ ಸ್ವಂತ ಮನೆ ಕಟ್ಟಿಸಿದಾಗ ತಾರಸಿಯ ಮೇಲೆ ಸೋಲಾರ್. ನಮ್ಮ ಮನೆಯವರದು ಕೊಬ್ಬರಿ ಮಂಡಿ. ಸಿಪ್ಪೆ, ಚಿಪ್ಪು ಬೇಕಾದಷ್ಟು ಸಿಗುತ್ತಿದ್ದರೂ ಇನ್ನು ಹೊಗೆ ಬೇಡವೆಂದು ಅವರೇ ತೀರ್ಮಾನಿಸಿದರು. ನಾನೂ ಹೂಂ ಅಂದೆ. ಸುಳ್ಳು ಯಾಕೆ ಹೇಳಲಿ, ಬೂದಿ ಬಾಚುವ ಕಷ್ಟ ಬೇಡವೆಂದು ನನಗೂ ಖುಷಿಯೇ ಆಗಿತ್ತು.

ಸೋಲಾರ್ ನೀರಿನಲ್ಲಿ ತಪ್ಪೇನಿಲ್ಲ. ಮೊದಲು ಒಂದು ಬಕೆಟ್ ತಣ್ಣೀರು ಬಂದು ಆಮೇಲೆ ಬಿಸಿ ಬರುತ್ತದೆ. ಮೋಡವಿದ್ದರೆ ಅದೂ ಬರುವುದಿಲ್ಲ. ಅದನ್ನೆಲ್ಲ ಸಹಿಸಬಹುದು. ನನಗೆ ಸಹಿಸಲಾಗದ್ದು ಬಿಳಿ ಟೈಲ್ಸ್ ಹಾಕಿದ, ಒಬ್ಬರಷ್ಟೇ ನಿಲ್ಲಬಹುದಾದ, ಒಳಗಿಂದ ಚಿಲಕ ಹಾಕಿಕೊಳ್ಳುವ ಆ ಗೂಡು. ಅಲ್ಲಿಂದ "ಆಯ್ತು" ಎಂದು ಕೂಗಿದರೆ ನಮ್ಮ ಮನೆಯವರು ನಾನು ಜಾರಿ ಬಿದ್ದೆನೆಂದು ಡಾಕ್ಟರಿಗೆ ಫೋನ್ ಮಾಡಿಯಾರು. ಪ್ಲಾಸ್ಟಿಕ್ಕಿನ ಉದ್ದ ಹಿಡಿಯ ಬ್ರಷ್ ಒಂದನ್ನು ತಂದುಕೊಟ್ಟಿದ್ದರು. ಅದು ಬೆನ್ನಿಗೆ ಎಟುಕುತ್ತದೆ, ಅಷ್ಟೇ.

ಹೀಗಿರುವಾಗ ಹೋದ ವರ್ಷ ದಸರಾ ಮುಗಿಯುತ್ತಲೇ ಚಿಕ್ಕಮ್ಮನೇ ನನ್ನ ಮನೆಗೆ ಬಂದಳು. ಅವಳ ಮಗ, ನನ್ನ ತಮ್ಮ ಕುಮಾರ, ಸಿಂಗಟಗೆರೆಯ ಮನೆಯ ಹಿಂಭಾಗವನ್ನು ಕೆಡವಿಸಿ ಹೊಸದಾಗಿ ಕಟ್ಟಿಸಲು ಶುರು ಮಾಡಿದ್ದ. ಅವನ ಮಗಳು ಕಾವ್ಯ ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಬರುವವಳು. ಅಷ್ಟರಲ್ಲಿ ಮನೆ ನೆಟ್ಟಗಾಗಬೇಕು. ಸಿಮೆಂಟಿನ ಧೂಳಿನಲ್ಲಿ ಅವ್ವನಿಗೆ ಉಸಿರು ಕಟ್ಟುತ್ತದೆ, ಕೆಲಸ ಮುಗಿಯುವ ತನಕ ನಿಮ್ಮಲ್ಲಿರಲಿ ಅಕ್ಕ ಎಂದು ಕೇಳಿದ. ನಾನು ಕುಣಿಯುವುದೊಂದು ಬಾಕಿ. ನಮ್ಮವ್ವ ಹೋದ ಮೇಲೆ ನನ್ನನ್ನು ಏಕವಚನದಲ್ಲಿ ಗದರಿಸುವವರು ಇವಳೊಬ್ಬಳೇ ಉಳಿದಿದ್ದಳು. ಎಷ್ಟೋ ವರ್ಷದಿಂದ ಕರೆಯುತ್ತಿದ್ದೆ, ಬಂದರೂ ಒಂದು ರಾತ್ರಿ ಇದ್ದು ಹೊರಟುಬಿಡುತ್ತಿದ್ದಳು. ಈ ಸಲ ಬಂದವಳನ್ನು ಇನ್ನು ಕಳಿಸುವುದೇ ಇಲ್ಲವೆಂದು ಮನಸ್ಸಿನಲ್ಲೇ ನಿಶ್ಚಯಿಸಿಬಿಟ್ಟೆ. ಅವಳ ಮಂಚವನ್ನು ಕಿಟಕಿಯ ಪಕ್ಕಕ್ಕೆ ಹಾಕಿಸಿದೆ. ಲಿಂಗಪೂಜೆಗೆ ಬೇರೆಯೇ ಮಣೆ ತಂದೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಅವಳ ಸ್ನಾನ, ಆಮೇಲೆ ಉಳಿದವರದು ಎಂದು ನಿಯಮ ಮಾಡಿದೆ. ದೊಡ್ಡವರಿಗೆ ಮರ್ಯಾದೆ ಮಾಡುವುದು ಹೇಗೆಂದು ನಮಗೆ ಗೊತ್ತಿಲ್ಲವೇ?

ಆದರೆ ಚಿಕ್ಕಮ್ಮ ಸರಿಯಾಗಿ ಸ್ನಾನವನ್ನೇ ಮಾಡಲಿಲ್ಲ. ಬಚ್ಚಲಿಗೆ ಹೋದವಳು ಚಿಲಕ ಹಾಕಿದ ಸದ್ದು ಆರುವುದರೊಳಗೆ ಹೊರಗೆ ಬರುತ್ತಿದ್ದಳು. ಪೂಜೆಗೆ ಮೈ ಒದ್ದೆಯಾಗಬೇಕಲ್ಲ ಎಂದು ತಣ್ಣೀರಿನ ನಲ್ಲಿಯಿಂದಲೇ ಎರಡು ಚೊಂಬು ಸುರಿದುಕೊಂಡು ಬರುತ್ತಾಳೆಂದು ಆಮೇಲೆ ಗೊತ್ತಾಯಿತು. ಬಿಸಿನೀರು ಬರುತ್ತಿಲ್ಲವೇ ಎಂದು ಕೇಳಿದರೆ, ಬರದೇ ಏನು, ಧಾರಾಳವಾಗಿ ಬರುತ್ತದೆ ಎನ್ನುತ್ತಿದ್ದಳು. ನಾನು ಬಾಗಿಲ ಹೊರಗೇ ನಿಂತು ಚಿಕ್ಕಮ್ಮ ಸಾಕಾ, ಚಿಕ್ಕಮ್ಮ ಸುಡುತ್ತಾ ಎಂದು ವಿಚಾರಿಸಿಕೊಂಡೆ. ಅವಳು ಇನ್ನೂ ಬೇಗ ಹೊರಗೆ ಬರತೊಡಗಿದಳು. ಕೆಮ್ಮು ಹತ್ತಿತು. ಊಟ ಕಡಿಮೆಯಾಯಿತು. ಕಿಟಕಿಯ ಪಕ್ಕ ಕೂತು ರಸ್ತೆಯಲ್ಲಿ ಹೋಗುವ ಬಸ್ಸುಗಳನ್ನೇ ನೋಡುತ್ತಿದ್ದಳು. ಇವಳು ಹೊರಟುಬಿಡುತ್ತಾಳೆ ಎಂದು ನನಗೆ ಭಯ ಶುರುವಾಯಿತು.

ಸೋಲಾರ್ ನೀರು ಅವಳ ಮೈಗೆ ಹಿಡಿಯುತ್ತಿಲ್ಲವೆಂದು ನಾನು ತೀರ್ಪು ಕೊಟ್ಟೆ. ಕುಮಾರನಿಗೆ ಫೋನ್ ಮಾಡಿದರೆ, ಹಳೇ ಬಚ್ಚಲು ಕೆಡವಿದ್ದಾಗಿದೆ, ಹಂಡೆ ಅಂಗಳದಲ್ಲಿ ಬಿದ್ದಿದೆ ಅಂದ. ಅದನ್ನು ಗೂಡ್ಸ್ ಆಟೋದಲ್ಲಿ ತರಿಸಿದೆ. ನಮ್ಮ ಹಿತ್ತಲಲ್ಲಿ ನೀರಿನ ಸಂಪಿಗೂ ಕರಿಬೇವಿನ ಗಿಡಕ್ಕೂ ನಡುವೆ ಇಟ್ಟಿಗೆಯ ಒಲೆ ಕಟ್ಟಿಸಿ, ಸುತ್ತ ಜಿಂಕ್ ಶೀಟಿನ ಮರೆ ಮಾಡಿಸಿದೆ. ನಮ್ಮ ಮನೆಯವರು ಮಂಡಿಯಿಂದ ಸಿಪ್ಪೆ, ಚಿಪ್ಪು ಕಳಿಸಿದರು. ಇಷ್ಟು ದಿನ ಅದನ್ನು ಯಾರೋ ಒಯ್ಯುತ್ತಿದ್ದರಲ್ಲ ಎಂದು ಅವರಿಗೇ ಆಶ್ಚರ್ಯ. ಚಿಕ್ಕಮ್ಮನಿಗೆ ಬೆಳಗ್ಗೆ ಎದ್ದೊಡನೆ ಬಿಸಿನೀರು ಸಿಗಬೇಕು, ಅವಳು ಕಡ್ಡಿ ಕೂಡ ಎತ್ತಬಾರದು ಎಂದು ಬೆಳಕು ಹರಿಯುವ ಮುಂಚೆ ನಾನೇ ಒಲೆಯ ಮುಂದೆ ಕೂತೆ.

ಆ ದಿನದ ಬಗ್ಗೆ ಹೆಚ್ಚು ಹೇಳಲು ನಾಚಿಕೆಯಾಗುತ್ತದೆ. ಸಿಪ್ಪೆ ಹಸಿಯಾಗಿತ್ತು. ಊದಿ ಊದಿ ನನ್ನ ತಲೆ ತಿರುಗಿತು. ಹೊಗೆ ಮಾತ್ರ ಇಡೀ ಬೀದಿಗೆ ಸಾಕಾಗುವಷ್ಟು ಬಂತು. ಪಕ್ಕದ ಮನೆಯ ನಾಗರತ್ನ ತಾರಸಿಯಿಂದ ಇಣುಕಿ, ಸೊಳ್ಳೆಗೆ ಹೊಗೆ ಹಾಕಿಸುತ್ತಿದ್ದೀರಾ ಟೀಚರ್, ಬಹಳ ಒಳ್ಳೇದು ಎಂದು ವಿನಯದಿಂದ ಹೇಳಿ, ಒಣಹಾಕಿದ್ದ ಬಟ್ಟೆಗಳನ್ನೆಲ್ಲ ಬಾಚಿಕೊಂಡು ಒಳಗೆ ಹೋದರು. ಕಡೆಗೆ ನಾನು ಅರ್ಧ ಬಾಟಲಿ ಸೀಮೆಎಣ್ಣೆಯನ್ನೂ ಒಂದು ವಾರದ ಪೇಪರನ್ನೂ ಒಲೆಗೆ ಅರ್ಪಿಸಿದೆ. ನೀರು ಕಾಯಿತು. ಕಾಯಿತೇನು, ಕುದಿಯಿತು. ಮಸಿ ಮೆತ್ತಿದ ಮುಖದಲ್ಲೇ ಹೋಗಿ ಚಿಕ್ಕಮ್ಮನನ್ನು ಕೈಹಿಡಿದು ಕರೆತಂದೆ.

ಅವಳು ಹಂಡೆಯನ್ನು ನೋಡಿದಳು. ಹತ್ತಿರ ಹೋಗಿ ಅದರ ಕಂಠವನ್ನು ಸವರಿದಳು. ಬಗ್ಗಿ ಎರಡು ಸಿಪ್ಪೆಯನ್ನು ಹೊರಗೆಳೆದಳು, ಬೂದಿ ಸರಿಸಿದಳು, ಒಂದು ಚಿಪ್ಪನ್ನು ಅಂಗಾತ ಇಟ್ಟಳು. ಹೊಗೆ ನಿಂತಿತು, ಉರಿ ಎದ್ದಿತು. ನಾನು ಟವೆಲ್ ಹಿಡಿದು, ಏಳು ಚಿಕ್ಕಮ್ಮ, ಮೊದಲು ನಿನ್ನದಾಗಲಿ ಅಂದೆ.

"ಮೊದ್ಲು ನೀನು ಹೋಗು. ಆಮೇಲೆ ಅಳಿಯಂದ್ರು ಹೋಗ್ಲಿ. ನಾನು ಇಲ್ಲೇ ಇರ್ತೀನಲ್ಲ" ಅಂದಳು.

"ನಿನಗೋಸ್ಕರ ಕಾಯಿಸಿದ್ದು ಕಣೆ ಚಿಕ್ಕಮ್ಮ."

"ಅದೇ ಕಣೇ ಗಿರಿಜಿ, ಬಂದಾಗ್ಲಿಂದ ಅದೇ ಆಗೈತೆ. ಮೊದ್ಲು ನಂಗೆ, ಮೊದ್ಲು ನಂಗೆ. ಹೊರಗೆ ಎಲ್ಲಾರೂ ಟವಲ್ ಹಿಡ್ಕಂಡು ನಿಂತಿದ್ರೆ ಮೈಮೇಲೆ ನೀರು ಹೆಂಗೆ ಹುಯ್ಕಳದು? ಸಿಂಗಟಗೆರೇಲಿ ನಾನು ಯಾವತ್ತಾದ್ರೂ ಮುಂಚೆ ಹೋಗಿದ್ನಾ? ಎಲ್ಲಾರ್ದೂ ಆದ್ಮೇಲೆ ನಂದು. ಕೊನೇಗೆ ಹೋದೋರಿಗೆ ಬಾಗಿಲು ಬಡಿಯೋರು ಇರಲ್ಲ ಕಣೇ."

ನನಗೆ ನಿಜವಾಗಿ ನೆನಪಾಯಿತು. ಎಲ್ಲರ ಸ್ನಾನ ಮುಗಿದು, ಗಂಡಸರು ಹೊಲಕ್ಕೋ ಅಂಗಡಿಗೋ ಹೋಗಿ, ಮಕ್ಕಳು ಸ್ಕೂಲಿಗೆ ಹೊರಡುವ ಹೊತ್ತಿಗೆ ಬಚ್ಚಲ ಬಾಗಿಲು ಒಳಗಿನಿಂದ ಮುಚ್ಚುತ್ತಿತ್ತು. ಹಂಡೆಯಲ್ಲಿ ಕೊರಳಿನಿಂದ ಕೆಳಗೆ ಉಳಿದ ನೀರು, ಒಲೆಯಲ್ಲಿ ನಿಗಿನಿಗಿ ಕೆಂಡ. ಅಷ್ಟು ಹೊತ್ತು ಯಾರೂ ಅವಳನ್ನು ಕರೆಯುತ್ತಿರಲಿಲ್ಲ. ಅಜ್ಜಿಯೂ ಕರೆಯುತ್ತಿರಲಿಲ್ಲ, ಅತ್ತು ಊರು ಒಂದು ಮಾಡುವ ಕೂಸಿದ್ದರೂ ಅವ್ವ ಎತ್ತಿಕೊಳ್ಳುತ್ತಿದ್ದಳು. ಒಳಗಿನಿಂದ ಚೊಂಬಿನ ಸದ್ದು ಒಂದೊಂದೇ, ಬಿಟ್ಟು ಬಿಟ್ಟು ಕೇಳುತ್ತಿತ್ತು. ಅಷ್ಟು ಜನರ ಮನೆಯಲ್ಲಿ ಅವಳಿಗೆಂದೇ ಇದ್ದದ್ದು ಆ ಹೊತ್ತೊಂದೇ. ಬಿಳಿ ಟೈಲ್ಸಿನ ಗೂಡಿನ ಮುಂದೆ ನಿಂತು ಸಾಕಾ, ಸುಡುತ್ತಾ ಎಂದು ಕೂಗಿ ಅದನ್ನೇ ನಾನು ಕಿತ್ತುಕೊಂಡಿದ್ದೆ.

"ಹಂಗಾದ್ರೆ ಸೋಲಾರಲ್ಲೂ ಕೊನೇಗೇ ಹೋಗಬಹುದಿತ್ತಲ್ಲ" ಎಂದು ನಾನು ಸೋಲದೆ ಕೇಳಿದೆ.

"ನಿಮ್ಮ ನಲ್ಲಿ ನೀರು ಮುಗಿಯೋದೇ ಇಲ್ವಲ್ಲೇ. ಒಬ್ರು ಬತ್ತಾರೆ, ಇನ್ನೊಬ್ರು ಹೋಯ್ತಾರೆ. ಎಲ್ಲಾರ್ದೂ ಆಯ್ತು ಅಂತ ಗೊತ್ತಾಗೋದಾದ್ರೂ ಹೆಂಗೆ?"

ಟವೆಲನ್ನು ಹೆಗಲಿಗೆ ಹಾಕಿಕೊಂಡು ಜಿಂಕ್ ಶೀಟಿನ ಮರೆಗೆ ಹೋದೆ. ಅವಳು ನೀರು ಬೆರೆಸಿ ಹದ ಮಾಡಿಕೊಟ್ಟಳು. ನಾಲ್ಕು ಚೊಂಬು ಹುಯ್ದುಕೊಂಡ ಮೇಲೆ, ಬಾಯಿಂದ ತಾನಾಗಿ "ಆಯ್ತು" ಎಂದು ಹೊರಟಿತು. ಅರವತ್ತು ದಾಟಿದ ಹೆಂಗಸು ನಾನು, ರಿಟೈರಾದ ಟೀಚರು, ಅಜ್ಜಿಯಾದವಳು. ಅವಳು ಬಂದು ಹಿಂದೆ ಕೂತಳು. ಕೈ ಮೊದಲಿನಷ್ಟು ಬಿಗಿಯಾಗಿರಲಿಲ್ಲ, ಬೆರಳ ಗಿಣ್ಣುಗಳು ಊದಿಕೊಂಡಿದ್ದವು, ಆದರೆ ಕುತ್ತಿಗೆಯ ಬುಡದಿಂದ ಶುರುವಾಗುವ ದಾರಿ ಅದೇ. ನಾನು ಅತ್ತೆ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವಳಿಗೂ ಗೊತ್ತಾಯಿತು. ಎರಡು ಚೊಂಬು ಹೆಚ್ಚಿಗೆ ಹುಯ್ದಳು.

ಅಲ್ಲಿಂದ ಮುಂದಿನ ಚಳಿಗಾಲ ನನ್ನ ಬದುಕಿನ ಅತ್ಯಂತ ಬೆಚ್ಚಗಿನ ಚಳಿಗಾಲ. ಒಲೆ ಚಿಕ್ಕಮ್ಮನ ಸುಪರ್ದಿಗೆ ಹೋಯಿತು. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಹುಣಿಸೆಹಣ್ಣು ಹಚ್ಚಿ ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿದಳು. ಬಳ್ಳಿ ಹುಡುಕಲು ನಮ್ಮ ಮನೆಯವರು ಸಖರಾಯಪಟ್ಟಣದ ರಸ್ತೆಯ ಬೇಲಿಗಳನ್ನೆಲ್ಲ ತಡಕಿ ಮುಳ್ಳು ತರಚಿಸಿಕೊಂಡು ಬಂದಿದ್ದರು. ಮಾರನೆಯ ದಿನ ಅಳಿಯನಿಗೆ, ಅಂದರೆ ನಮ್ಮ ಮನೆಯವರಿಗೆ, ಎಣ್ಣೆ ನೀರು. ಅವರು ಒಳಗೆ ಕೂತು ನಾಚುತ್ತಿದ್ದರೆ ಇವಳು ಮರೆಯ ಆಚೆಯಿಂದ ಹದ ಐತೇನ್ರೀ ಅಳಿಯಂದ್ರೇ ಎಂದು ಬೀದಿಗೆಲ್ಲ ಕೇಳುವಂತೆ ವಿಚಾರಿಸುತ್ತಿದ್ದಳು. ನಾಗರತ್ನ ಕೂಡ ಮೊದಮೊದಲು ಬೂದಿ ಕೇಳಿಕೊಂಡು ಬಂದು, ಆಮೇಲೆ ಮಂಡಿನೋವಿಗೆಂದು ಒಂದು ಬಕೆಟ್ ಬಿಸಿನೀರು ಕೇಳಿಕೊಂಡು ಬಂದು, ಕಡೆಗೆ ಶುಕ್ರವಾರದ ಎಣ್ಣೆಸ್ನಾನಕ್ಕೆ ಟವೆಲ್ ಸಮೇತ ಬರತೊಡಗಿದರು. ಎಲ್ಲರದೂ ಆದ ಮೇಲೆ ಚಿಕ್ಕಮ್ಮ ಶೀಟಿನ ಬಾಗಿಲು ಎಳೆದುಕೊಳ್ಳುತ್ತಿದ್ದಳು. ನಾನು ಅತ್ತ ಸುಳಿಯುತ್ತಿರಲಿಲ್ಲ. ಕೆಮ್ಮು ಹೋಯಿತು, ಊಟ ಸೇರಿತು, ಬಸ್ಸು ನೋಡುವುದನ್ನೂ ಬಿಟ್ಟಳು. ಇನ್ನು ಇವಳು ಇಲ್ಲೇ ಇರುತ್ತಾಳೆ ಎಂದು ನಾನು ಪೂರಾ ನಂಬಿದೆ.

ಶಿವರಾತ್ರಿ ಹತ್ತಿರವಾದಾಗ ಕುಮಾರ ಬಂದ. ಮನೆ ಮುಗಿದಿತ್ತು. ಕೋಣೆಗೊಂದು ಬಚ್ಚಲು, ಎಲ್ಲಕ್ಕೂ ಗೀಜರು ಎಂದು ಫೋನಿನಲ್ಲಿ ಫೋಟೋ ತೋರಿಸಿದ. ನಾನು ಒಳಗೊಳಗೇ ಹಿಗ್ಗಿದೆ. ಗೀಜರಿನ ಮನೆಗೆ ಇವಳು ಹೋಗುವವಳಲ್ಲ. ಕಾವ್ಯಳಿಗೆ ಗಂಡು ಮಗುವಾಗಿದೆ, ಬಾಣಂತಿ ಮನೆಗೆ ಬಂದಿದ್ದಾಳೆ ಎಂದು ಕುಮಾರ ಹೇಳಿದ. ಚಿಕ್ಕಮ್ಮ ಫೋಟೋಗಳನ್ನು ಒಂದೊಂದಾಗಿ ನೋಡಿ, ಕೂಸಿಗೆ ಸಾಂಬ್ರಾಣಿ ಹೊಗೆ ಹಾಕೋಕೆ ಗೀಜರಿನಿಂದ ಕೆಂಡ ಬರುತ್ತದಾ ಎಂದು ಕೇಳಿದಳು. ಕುಮಾರ ತಲೆ ಕೆರೆದುಕೊಂಡ. ಹಿತ್ತಲಲ್ಲಿ ಬೇಕಾದರೆ ಮೂರು ಕಲ್ಲು ಹೂಡಿಸುತ್ತೇನೆ ಅವ್ವ, ಸೋಗೆಯ ಮರೆ ಮಾಡಿಸುತ್ತೇನೆ ಅಂದ. ಅವಳು ಎದ್ದು ಹೋಗಿ ತನ್ನ ಸೀರೆಗಳನ್ನು ಮಡಚತೊಡಗಿದಳು.

ಹಂಡೆಯೂ ಹೊರಟಿತು. ಬಾಣಂತಿಗೆ ಅದಿಲ್ಲದೆ ಆಗುತ್ತದೆಯೇ? ಗೂಡ್ಸ್ ಆಟೋದಲ್ಲಿ ಅದನ್ನು ಹಗ್ಗ ಹಾಕಿ ಕಟ್ಟುವಾಗ ನಾನೇ ಹಿಡಿದುಕೊಂಡಿದ್ದೆ. ಕೈಗೆಲ್ಲ ಮಸಿಯಾಯಿತು. ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದಳು. ಇಷ್ಟು ದಿನ ಹೇಳದೇ ಇದ್ದದ್ದನ್ನು ಆಗ ಹೇಳಿದೆ.

"ಬಾಣಂತನ ಮುಗಿಸಿ ಇಲ್ಲಿಗೇ ಬಂದ್ಬಿಡು ಚಿಕ್ಕಮ್ಮ. ಇಲ್ಲೇ ಇದ್ದುಬಿಡು."

"ಇಲ್ಲಿ ನಾನೇನೇ ಮಾಡ್ಲಿ? ನಿನ್ನ ಬೆನ್ನು ಉಜ್ಜೋದು ಬಿಟ್ರೆ?"

"ಅದೊಂದು ಸಾಲ್ದಾ?"

ಅವಳು ನನ್ನ ಮುಖ ನೋಡಿದಳು. ಸುಳ್ಳು ಹೇಳಿ ಸಮಾಧಾನ ಮಾಡುವುದು ಅವಳಿಗೆ ಎಂದೂ ಬಂದದ್ದಿಲ್ಲ. "ಒಬ್ಬಳ ಬೆನ್ನಿಗೆ ಒಂದು ಹಂಡೆ ನೀರು ಹೆಚ್ಚಾಯ್ತದೆ ಕಣೇ" ಅಂದಳು. ಆಮೇಲೆ, "ಭಾನುವಾರ ಬಾ. ಬಾಣಂತಿದಾದ ಮೇಲೆ ನೀರು ಮಿಕ್ಕಿರ್ತದೆ" ಎಂದು ಹೇಳಿ ಆಟೋ ಹತ್ತಿ ಡ್ರೈವರನ ಪಕ್ಕ ಕೂತಳು.

ಅಂದಿನಿಂದ ಪ್ರತಿ ಭಾನುವಾರ ಬೆಳಗ್ಗೆ ನಾನು ಸ್ನಾನ ಮಾಡದೆ, ತಲೆ ಬಾಚದೆ, ಬ್ಯಾಗಿನಲ್ಲಿ ಟವೆಲ್ ಮತ್ತು ಸೀಗೆಪುಡಿ ಇಟ್ಟುಕೊಂಡು ಸಿಂಗಟಗೆರೆಯ ಬಸ್ಸು ಹತ್ತುತ್ತೇನೆ. ಬಸ್ಸಿನಲ್ಲಿ ಹಳೇ ವಿದ್ಯಾರ್ಥಿಗಳು ಸಿಗುತ್ತಾರೆ. ಎಲ್ಲಿಗೆ ಹೊರಟಿರಿ ಮಿಸ್ ಎಂದು ಕೇಳುತ್ತಾರೆ. ಸ್ನಾನಕ್ಕೆ ಎಂದು ಹೇಳಲಾಗುತ್ತದೆಯೇ? ಬಾಣಂತಿ ನೋಡೋದಕ್ಕೆ ಎನ್ನುತ್ತೇನೆ. ಪಕ್ಕದಲ್ಲಿ ಕೂತವರು ಎಣ್ಣೆ ಹಚ್ಚಿದ ನನ್ನ ತಲೆಯನ್ನು ನೋಡಿ ಸ್ವಲ್ಪ ಸರಿದು ಕೂರುತ್ತಾರೆ. ನಮ್ಮ ಮನೆಯವರಂತೂ ನನ್ನನ್ನು ಸ್ಟ್ಯಾಂಡಿಗೆ ಬಿಡಲು ಬರುವುದನ್ನೇ ನಿಲ್ಲಿಸಿದ್ದಾರೆ. ಮನೆಯ ಹಿತ್ತಲಲ್ಲಿ ಒಲೆ ಬಾಯಿ ತೆರೆದುಕೊಂಡು ನಿಂತಿದೆ. ಅತ್ತ ನೋಡಲು ಮನಸ್ಸಾಗದೆ ಕರಿಬೇವು ಕೀಳುವುದನ್ನೂ ಅವರಿಗೇ ಹೇಳುತ್ತೇನೆ.

ಹೋದ ಭಾನುವಾರ ಹೋದಾಗ ಮನೆಯಲ್ಲಿ ಗದ್ದಲ. ಬಾಣಂತನ ಮುಗಿದಿದೆ, ಕಾವ್ಯಳನ್ನು ಕೂಸಿನ ಸಮೇತ ಗಂಡನ ಮನೆಗೆ ಕಳಿಸುವ ತಯಾರಿ. ಚಿಕ್ಕಮ್ಮ ಕೊನೆಯ ಸಲ ಬಕೆಟ್ಟುಗಳಲ್ಲಿ ಒಳಗಿನ ಬಚ್ಚಲಿಗೆ ನೀರು ಕಳಿಸಿ ಅವಳಿಗೂ ಕೂಸಿಗೂ ಎರೆದು ಬಂದಿದ್ದಳು. ಆಯಾಸವಾಗಿತ್ತು. ಈಗ ಬೇಗ ಆಯಾಸವಾಗುತ್ತದೆ. ತುಂಬಿದ ಚೊಂಬನ್ನು ಎರಡೂ ಕೈಯಲ್ಲಿ ಎತ್ತುವುದನ್ನು ನಾನು ಕೆಲವು ವಾರದಿಂದ ನೋಡುತ್ತಿದ್ದೇನೆ. ಆದರೂ ಸೋಗೆಯ ಮರೆಯಲ್ಲಿ ನನ್ನನ್ನು ಕೂರಿಸಿ ಬೆನ್ನು ಉಜ್ಜಿದಳು. ಅವಳ ಕೈ ಬೆನ್ನ ಮೇಲಿರುವಾಗ ನಾನು ಲೆಕ್ಕ ಹಾಕುತ್ತಿದ್ದೆ. ಬಾಣಂತಿ ಹೊರಟಳು. ಕುಮಾರನ ಮನೆಯವರಿಗೆಲ್ಲ ಗೀಜರಿದೆ. ಹಂಡೆ ನೀರು ಇನ್ನು ಯಾರಿಗೂ ಬೇಕಿಲ್ಲ. ಒಬ್ಬಳ ಬೆನ್ನಿಗೆ ಒಂದು ಹಂಡೆ ಹೆಚ್ಚು ಎಂದು ಅವಳೇ ಹೇಳಿದ್ದಾಳೆ. ಇದೇ ಕೊನೆ ಇರಬೇಕು. ಏಳುವ ಮೊದಲು, ಮುಂದಿನ ವಾರ ನಾನು ಬರೋದು ಬೇಡ ಅಲ್ವಾ ಚಿಕ್ಕಮ್ಮ ಎಂದು ಕೇಳಿದೆ.

"ಬರ್ದೆ ಇರ್ತೀಯಾ?" ಅಂದಳು. ಚೊಂಬು ಹಂಡೆಯ ಅಂಚಿಗೆ ತಾಗಿ ನಿಂತಿತು. "ನಂಗಿಂತ ಮುಂಚೆ ನೀರು ಹುಯ್ಕಳೋರು ಒಬ್ರಾದ್ರೂ ಬೇಕಲ್ಲೇ ಗಿರಿಜಿ. ನೀನೂ ಬರ್ದಿದ್ರೆ ನಾನು ಯಾರಿಗೆ ಅಂತ ಒಲೆ ಹಚ್ಲಿ?"

ನಾನು ಬಟ್ಟೆ ಸುತ್ತಿಕೊಂಡು ಹೊರಗೆ ಬಂದೆ. ಅವಳು ಸೋಗೆಯ ಮರೆಯನ್ನು ಎಳೆದುಕೊಂಡಳು. ಒಗೆಯುವ ಕಲ್ಲಿನ ಮೇಲೆ ಕೂತು ಬಿಸಿಲಿಗೆ ತಲೆ ಒಣಗಿಸಿಕೊಳ್ಳುತ್ತಿದ್ದೆ. ಕುಮಾರ ಕೂಸಿನ ತೊಟ್ಟಿಲು ಎಲ್ಲಿಡಬೇಕೆಂದು ಅವ್ವನನ್ನು ಕೇಳಲು ಬಂದ. ನಾನು ತುಟಿಯ ಮೇಲೆ ಬೆರಳಿಟ್ಟು ಅವನನ್ನು ಹಿಂದಕ್ಕೆ ಕಳಿಸಿದೆ. ಒಳಗೆ ಚೊಂಬಿನ ಸದ್ದು ಒಂದೊಂದೇ, ಬಿಟ್ಟು ಬಿಟ್ಟು ಕೇಳುತ್ತಿತ್ತು. ಅದು ಬೇಗ ನಿಲ್ಲದಿರಲಿ ಎಂದುಕೊಂಡು ಅಲ್ಲೇ ಕೂತಿದ್ದೆ.